ಇಪ್ಪತ್ತು ಮನೆಗಳ ಸಾಲು

ಮಂಜಿನ ರಾತ್ರಿ, ಎಂಜಿನ್ ಕೆಟ್ಟು
ಚಿಲೊಯೆ ದ್ವೀಪದ ಆಚೆ ನಿಂತ ದೋಣಿಯೊಂದು
ಬಂದರು ಕಚೇರಿಯ ಪರದೆಯ ಮೇಲೆ
ಭೂಮಧ್ಯರೇಖೆಯಲ್ಲಿ ತೇಲುತ್ತಿತ್ತು,
ಅಮೆಜಾನ್ ಕಾಡಿನ ನಟ್ಟನಡುವೆ, ಮರಗಳ ನೆತ್ತಿಗೆ.
ಮೊದಲು ನಕ್ಕರಂತೆ.
ಆಮೇಲೆ ಫೋನು ಬಂತು, ದೋಣಿಯವನ ಹೆಂಡತಿಯದು.

ಬೆಳಗಿನ ಜಾವ ಯಾರೋ ಚಿಪ್ಪು ಸಾಕುವವನು ಕಂಡ.
ನಾಲ್ವರೂ ಬದುಕಿದ್ದರು.
ಹಗ್ಗಕ್ಕೆ ಸಿಕ್ಕ ಎರಡು ಬೆರಳು ಬಿಟ್ಟು.

ನನ್ನನ್ನು ಕರೆಸಿದ್ದು ಅದಾದ ವಾರಕ್ಕೆ.
ನಾಲ್ಕು ಸಾವಿರ ಸಾಲು ಸಿ, ಅಚ್ಚು ಹಾಕಿಸಿ ಮೇಜಿನ ಮೇಲೆ,
ಪಕ್ಕದಲ್ಲಿ ಬೆಲಿಸಾರಿಯೊ ನಾವೆಲ್ಕಿನ್, ಇಪ್ಪತ್ತಮೂರರ ಹುಡುಗ,
ತಪ್ಪು ತನ್ನದೇ ಎಂಬಂತೆ ಕೂತಿದ್ದ.
ಬರೆದವನೋ, ಪುಂತ ಅರೇನಸ್‌ಗೆ ವರ್ಗವಾಗಿ ಹನ್ನೊಂದು ವರ್ಷ.
ಬಿಟ್ಟು ಹೋದದ್ದು ಒಂದು ಟಿಪ್ಪಣಿ:
'ಇಪ್ಪತ್ತು ಸಾಕು. ದೋಣಿಗೆ ಇಷ್ಟುದ್ದ ಹೆಸರು ಯಾರಿಡುತ್ತಾರೆ.'

ದೋಣಿಯ ಹೆಸರು ಸೆನ್ಯೋರ ದೆ ಲ ಅವ್ರೋರ.
ಅವರ ಲಿಪಿಯಲ್ಲಿ ಎಣಿಸಿದೆ, ಖಾಲಿ ಜಾಗವೂ ಸೇರಿ ಹತ್ತೊಂಬತ್ತು.
ಕೊನೆಗೊಂದು ಸೊನ್ನೆ. ಇಪ್ಪತ್ತು. ಸರಿಯಾಯಿತಲ್ಲ?
ಮತ್ತೆ ಎಣಿಸಿದೆ.
ತಲೆಯ ಮೇಲೆ ಪುಟ್ಟ ಅಲೆ ಹೊತ್ತ ಆ ಒಂದು ಅಕ್ಷರ
ಎರಡು ಮನೆ ಹಿಡಿಯುತ್ತದೆ.
ಸೊನ್ನೆಗೆ ಜಾಗವಿಲ್ಲ. ಪಾಪ, ಅದು ಪಕ್ಕದ ಮನೆಯ
ಹೊಸ್ತಿಲಲ್ಲೇ ಕೂತುಬಿಟ್ಟಿತು.
ಪಕ್ಕದ ಮನೆಯಲ್ಲಿದ್ದದ್ದು ಅಕ್ಷಾಂಶ.
ಬಾಗಿಲಲ್ಲೇ ಸೊನ್ನೆ ಕಂಡವರು ಒಳಗೆ ಯಾರೂ ಇಲ್ಲವೆಂದು
ಹಿಂದಿರುಗಿದರು.
ಇಲ್ಲದ ಅಕ್ಷಾಂಶವೆಂದರೆ ಭೂಮಧ್ಯರೇಖೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಇಲ್ಲಿ ಕಾಲು ಯಾರದೆಂದು ಕೇಳದೆ ಹಾಸಿಗೆ ಹೊಲಿದಿದ್ದರು.

ಬೆಲಿಸಾರಿಯೊ ತಿದ್ದಿ ತಂದ: ಇಪ್ಪತ್ತಕ್ಕೆ ನಿಲ್ಲುವ ನಕಲು.
ನಿಲ್ಲುತ್ತದೆ ಮಾರಾಯ, ಅಂದೆ,
ಆದರೆ ಸೊನ್ನೆ ಇಡದೆ ನಿಲ್ಲುತ್ತದೆ.
ಓದುವವನಿಗೆ ಎಲ್ಲಿ ಸಾಕೆಂದು ಹೇಳುವವರಿಲ್ಲ,
ಗೋಡೆ ಹಾದು ಓದುತ್ತಲೇ ಹೋಗುತ್ತಾನೆ.
ಮೊದಲು ಅಳೆ. ಹೆಸರು ಕತ್ತರಿಸಬೇಡ.
ಸಾಲದಿದ್ದರೆ ದೊಡ್ಡ ಜಾಗ ಕೇಳು, ರಿಅಲಾಕ್ ಕೊಡುತ್ತದೆ,
ಕೆಲವು ಸಲ ಮನೆಯನ್ನೇ ಎತ್ತಿ ಬೇರೆಡೆ ಇಟ್ಟು.

ಆಗ ಅವನು ಮೊದಲ ಸಲ ಬಾಯಿ ತೆರೆದ.
ಅವನಜ್ಜಿಯ ಮರದ ಮನೆಯನ್ನು ಹೀಗೆಯೇ
ಊರೆಲ್ಲ ಸೇರಿ, ಹನ್ನೆರಡು ಜೋಡಿ ಎತ್ತು ಕಟ್ಟಿ,
ದಿಮ್ಮಿಗಳ ಮೇಲೆ ಎಳೆದಿದ್ದರಂತೆ, ಗುಡ್ಡದಾಚೆಗೆ.
ಕಿಟಕಿಯ ಗಾಜು ಒಂದೂ ಒಡೆಯಲಿಲ್ಲ.
ನಾಯಿ ಮಾತ್ರ ತಿಂಗಳುಗಟ್ಟಲೆ
ಹಳೆಯ ಜಾಗಕ್ಕೇ ಹೋಗಿ ಮಲಗುತ್ತಿತ್ತು,
ಬೇರೆಯವರು ಅಲ್ಲಿ ಆಲೂಗಡ್ಡೆ ಬಿತ್ತಿದ ಮೇಲೂ.

ಅಷ್ಟೇ, ಅಂದೆ. ನಿನ್ನ ಮುನ್ನೂರ ಹನ್ನೆರಡನೆಯ ಸಾಲು ಆ ನಾಯಿ.
ಕೆಂಪು ಪೆನ್ನಿನಲ್ಲಿ ಅಂಚಿಗೆ ಬರೆದೆವು: 'ನಾಯಿ'.
ಸಂಜೆಯೊಳಗೆ ಏಳು ನಾಯಿ ಸಿಕ್ಕವು.

ಉಳಿದದ್ದು ಸೋರಿಕೆ.
ಸಂದೇಶ ಕೆಟ್ಟದ್ದಾದರೆ ಥಟ್ಟನೆ ಎದ್ದು ಹೋಗು ಎಂದಿದೆ,
ಕಡ ತಂದ ಪಾತ್ರೆ ಕೊಟ್ಟು ಹೋಗು ಎಂದಿಲ್ಲ.
ಬಿರುಗಾಳಿಯಲ್ಲಿ ಸಂದೇಶ ಕೆಡದೆ ಇರುತ್ತದೆಯೆ?
ಪಾತ್ರೆಯ ಮೇಲೆ ಪಾತ್ರೆ. ಒಂಬತ್ತು ದಿನಕ್ಕೆ ಯಂತ್ರ ಉಸಿರುಗಟ್ಟಬೇಕು.
ಹನ್ನೊಂದು ವರ್ಷ ಯಾಕೆ ಗಟ್ಟಲಿಲ್ಲ?

ಗುಡಿಸಲು ಬರುವ ಎರ್ಮಿಂದಾಳನ್ನು ಕೇಳಿ ಅಂದರು.
ಸೋಮವಾರ ಬೆಳಿಗ್ಗೆ ಆರಕ್ಕೆ ಬಂದು
ಮಾಪಿನ ಕೋಲು ಗೋಡೆಗೊರಗಿಸಿ
ಪ್ಲಗ್ ಕೀಳುತ್ತಾಳೆ, ನೆಲ ಒರೆಸುತ್ತಾಳೆ, ಮತ್ತೆ ಚುಚ್ಚುತ್ತಾಳೆ.
ಯಾರೂ ಹೇಳಿದ್ದಲ್ಲ. ವೈರಿನಡಿ ಧೂಳು ಕೂರುತ್ತದೆ, ಅಷ್ಟೆ.

ಈಗ ಪ್ರತಿ ದಾರಿಗೂ ಒಂದೇ ಬಾಗಿಲು ಮಾಡಿದ್ದೇವೆ,
ಪಡೆದದ್ದನ್ನು ಅಲ್ಲಿ ಒಮ್ಮೆ, ಒಮ್ಮೆ ಮಾತ್ರ, ಕೊಟ್ಟು ಹೊರಡುವುದು.
ಇನ್ನು ಕೀಳಬೇಕಾಗಿಲ್ಲ ಎಂದು ಎರ್ಮಿಂದಾಳಿಗೆ ಹೇಳಿದೆ.
ಸೋಮವಾರ ಪರದೆ ಮತ್ತೆ ಕಪ್ಪಾಯಿತು, ಆರು ಗಂಟೆಗೆ.
ನೆಲ ಒದ್ದೆಯಿತ್ತು.