ಮೂವತ್ತು ಕಿಲೋದಲ್ಲಿ ಎರಡು

ಗ್ಲಾಡ್ಸನ್, ನೀನು ಕೇಳಿದ್ದು ಸಣ್ಣ ಪುಸ್ತಕ,
ಶುಕ್ರವಾರ ಮಧ್ಯಾಹ್ನ ಹಿಡಿದರೆ ರಾತ್ರಿಗೆ ಮುಗಿಯುವಂಥದ್ದು.
ಅಂಥದ್ದು ನನ್ನಲ್ಲಿಲ್ಲ.
ಮತ್ರಾದ ಈ ಮೀನಿನ ಗೋದಾಮಿನಲ್ಲಿ
ಬೂತಾಯಿ ಪೆಟ್ಟಿಗೆಗಳ ಲೆಕ್ಕ ಬರೆಯುವ ಮೇಜಿನಡಿ ಇರುವುದು ಮೂರೇ.
ಮೂರೂ ಚರಿತ್ರೆ. ಮೂರೂ ದಿಂಬಿನಷ್ಟು ದಪ್ಪ.

ನೀಲಿ ರಟ್ಟಿನದು ಈ ಸಮುದ್ರದ ಕತೆ, ಎಂಟುನೂರ ನಲವತ್ತು ಪುಟ.
ಮೊದಲು ಅದನ್ನೇ ಒಯ್ಯಿ.
ಊರಿಂದ ಬರುವಾಗ ಮೂವತ್ತು ಕಿಲೋದಲ್ಲಿ ಎರಡು ಅದಕ್ಕೇ ಹೋಯಿತು;
ವಿಮಾನ ನಿಲ್ದಾಣದಲ್ಲಿ ಹಪ್ಪಳದ ಕಟ್ಟು ತೆಗೆದು ಭಾವನ ಕೈಗಿತ್ತೆ.
ಅವನು ಇನ್ನೂ ನಗುತ್ತಾನೆ.
ನಗಲಿ, ಹಪ್ಪಳ ಎಷ್ಟು ದಿನ ಬರುತ್ತಿತ್ತು?

ಮುನ್ನುಡಿ ಬಿಡು. ನಕ್ಷೆಗಳಿಂದ ಶುರುಮಾಡು.
ಮೊದಲ ನೂರು ಪುಟ ಇಲ್ಲಿನ ಮೊದಲ ಜೂನ್ ಇದ್ದ ಹಾಗೆ,
ಯಾಕಾದರೂ ಬಂದೆನೋ ಅನಿಸುತ್ತದೆ.
ಮಗನಿಗೆ ಅಜ್ಜನ ಹೆಸರು, ಅವನ ಮೊಮ್ಮಗನಿಗೆ ಮತ್ತೆ ಅದೇ.
ನಮ್ಮಲ್ಲೂ ಹಾಗೇ ತಾನೇ ಮಾರಾಯ,
ಮರೆತರೆ ಮರೆ. ಹತ್ತು ಪುಟ ದಾಟಿದ ಮೇಲೆ
ಅವರೇ ಬಂದು ಗುರುತು ಹೇಳುತ್ತಾರೆ.

ಸೋಹಾರಿನಲ್ಲಿ ನಿನಗೆ ಹನ್ನೆರಡೂವರೆಯಿಂದ ಮೂರೂವರೆ ಬಿಸಿಲಿನ ಬಿಡುವು.
ಮಲಗುವವರು ಮಲಗಲಿ.
ದಿನಕ್ಕೆ ಒಂಬತ್ತು ಪುಟ ಅಂತಿಟ್ಟುಕೋ;
ಆಗಸ್ಟ್ ಮುಗಿಯುವಾಗ ಉಳಿಯುವುದು ಹನ್ನೆರಡು.
ಲೆಕ್ಕದಲ್ಲಿ ನಾನು ತಪ್ಪುವವನಲ್ಲ.

ಅಡಿಟಿಪ್ಪಣಿ ಮಾತ್ರ ಬಿಡಬೇಡ.
ಆರುನೂರ ಹನ್ನೊಂದನೇ ಪುಟದ ತಳದಲ್ಲಿ,
ಡಬ್ಬಿಯ ಮೇಲಿನ ಎಕ್ಸ್‌ಪೈರಿ ದಿನಾಂಕದಷ್ಟು ಸಣ್ಣ ಅಕ್ಷರದಲ್ಲಿ,
ಬಸ್ರೂರಿನಿಂದ ಮಸ್ಕತ್ತಿಗೆ ಬಂದಿಳಿದ ಅಕ್ಕಿ.
ಅಷ್ಟೇ. ಒಂದೂವರೆ ಸಾಲು.
ಹಡಗಿನ ಹೆಸರಿಲ್ಲ. ಮೂಟೆ ಹೊತ್ತವನದಂತೂ
ಕೇಳುವುದೇ ಬೇಡ.

ಬಸ್ರೂರು ನಮ್ಮ ಮನೆಯಿಂದ ಒಂದು ಸ್ಟಾಪು.
ಇಲ್ಲಿಗೆ ಬಂದವರಲ್ಲಿ ನಮ್ಮ ಕಡೆಯವ ನಾನೇ ಮೊದಲು ಎಂದು
ಕ್ಯಾಂಪಿನಲ್ಲಿ ಹದಿನೇಳು ವರ್ಷ ಹೇಳಿಕೊಂಡಿದ್ದೆ.
ಆ ರಾತ್ರಿ ಗೋದಾಮಿನ ಬಾಗಿಲು ತೆರೆದು
ಬಂದರಿನ ಕಡೆ ನೋಡುತ್ತ ನಿಂತುಬಿಟ್ಟೆ.
ತಣ್ಣನೆ ಗಾಳಿ ಪೋಲಾಗುತ್ತಿದೆ ಎಂದು
ಯಂತ್ರ ಕೀಂ ಕೀಂ ಬೈಯುತ್ತಲೇ ಇತ್ತು.

ಉಳಿದೆರಡರ ಮಾತು ಆಮೇಲೆ.
ಕೆಂಪು ರಟ್ಟಿನದನ್ನು ನಾನೇ ಮೂರು ಸಲ ಕೈಬಿಟ್ಟಿದ್ದೇನೆ,
ಈಗ ಮತ್ತೆ ನಾಲ್ಕನೇ ಅಧ್ಯಾಯ.
ನೀಲಿಯದನ್ನು ಬೇಗ ವಾಪಸು ಕೊಡಬೇಕೆಂದಿಲ್ಲ.
ಪುಟದ ಮೂಲೆ ಮಡಿಸಬೇಡ, ಬಸ್ ಟಿಕೆಟು ಇಡು.
ತೆರೆದರೆ ಮೀನಿನ ವಾಸನೆ ಬರುತ್ತದೆ;
ಅದು ಬರೆದವರ ತಪ್ಪಲ್ಲ.