ಕಾಲಿಗೆ ಬುದ್ಧಿ

ಬೈತಖೋಲದ ಐಸ್ ಫ್ಯಾಕ್ಟರಿಯ ಹಿಂದಿನ ಕೋಣೆಯಲ್ಲಿ
ನಾಲ್ಕು ಮೀನಿನ ಕ್ರೇಟಿನ ಮೇಲೆ ಹಾಸಿದ ಪ್ಲೈವುಡ್ಡು
ನಮ್ಮ ರಣರಂಗ.
ಥರ್ಮೋಕೋಲಿನ ಗುಡ್ಡ, ಸ್ಪಂಜಿನ ಕಾಡು,
ನೀಲಿ ತಾಡಪಾಲಿನ ತುಂಡೊಂದು ನದಿ.
ಆಚೆ ದಂಡೆ ಉಮಾಕಾಂತ ತಾಂಡೇಲನದು, ಈಚೆ ನನ್ನದು.
ಅವನ ಇಪ್ಪತ್ತು ಭರ್ಚಿಯವರು ಹೆಬ್ಬೆರಳಿನಷ್ಟೆತ್ತರ,
ನಾನೇ ಬಣ್ಣ ಬಳಿದು ಕೊಟ್ಟವರು.
ಕಣ್ಣಿಗೆ ಮಾತ್ರ ಅವನೇ ಸೂಜಿಮೊನೆಯಿಂದ ಬಿಳಿ ಇಟ್ಟ.
ಅದಕ್ಕೇ ಇರಬೇಕು, ಎಲ್ಲರೂ ತುಸು ಬೆಚ್ಚಿದಂತೆ ಕಾಣುತ್ತಾರೆ.

ಸಾಯುವುದರ ನಿಯಮ ಸುಲಭ, ಯಾರೂ ಜಗಳಾಡುವುದಿಲ್ಲ.
ತಕರಾರೆಲ್ಲ ಸಾಯದೆ ಉಳಿದವರದು.
ಇಪ್ಪತ್ತರಲ್ಲಿ ಐವರು ಬಿದ್ದರೆ
ಉಳಿದವರನ್ನು ಕೇಳಬೇಕು: ನಿಲ್ಲುತ್ತೀರೋ?
ಎರಡು ದಾಳ ಅವರ ಪರವಾಗಿ ಉತ್ತರ ಹೇಳುತ್ತವೆ.
ಅವರ ಧೈರ್ಯ ಏಳು.
ಏಳರೊಳಗೆ ಬಿದ್ದರೆ ನಿಂತರು.
ಎಂಟಾದರೆ ಕಾಲಿಗೆ ಬುದ್ಧಿ ಹೇಳಿದರು.

ಎಂಥ ಮಾತು ನೋಡಿ ನಮ್ಮದು.
ಓಡಿದವನ ತಲೆ ಕೆಟ್ಟಿತು ಅನ್ನಲಿಲ್ಲ ಹಿರಿಯರು,
ಕಾಲು ಬುದ್ಧಿ ಕೇಳಿತು ಅಂದರು.

ಓಡುವವರು ಆರಿಂಚಿನೊಳಗೆ ಹಾದುಹೋದರೆ
ಪಕ್ಕದ ದಂಡೂ ದಾಳ ಎಸೆಯಬೇಕು,
ಅದರ ಒಬ್ಬನ ಮೈಗೂ ಗೀರು ಬಿದ್ದಿರದಿದ್ದರೂ.
ಬಾವುಟದವನು ಹತ್ತಿರವಿದ್ದರೆ
ಅವನ ಒಂಬತ್ತನ್ನು ಕಡ ತರಬಹುದು.
ಟೇಪು ಹಿಡಿದು ಅಳೆಯುತ್ತೇವೆ,
ಅರ್ಧ ಇಂಚಿಗೆ ಗಂಟಲು ಹರಿದುಕೊಳ್ಳುತ್ತೇವೆ.

ನನ್ನವು ಎಲುಬಿನ ಪಡೆ.
ಅವಕ್ಕೆ ಪರೀಕ್ಷೆಯಿಲ್ಲ, ಏಳೂ ಇಲ್ಲ ಎಂಟೂ ಇಲ್ಲ.
ಎಬ್ಬಿಸಿದ ಮಾಂತ್ರಿಕ ಸತ್ತ ದಿನ ನಿಂತಲ್ಲೇ ಪುಡಿ.
ಹೆದರದವು ಓಡುವುದಿಲ್ಲ ಸರಿ,
ಓಡಿ ಮತ್ತೆ ಬಂದು ಸೇರುವುದೂ
ಅವಕ್ಕೆ ಗೊತ್ತಿಲ್ಲ.

ಹೋದ ಸೆಪ್ಟೆಂಬರಿನಲ್ಲಿ ದೇವಗಡದ ದೀಪ ದಾಟಿ
ಉಮಾಕಾಂತ ದೋಣಿ ತಿರುಗಿಸಿದ್ದ.
ಮೋಡವಿರಲಿಲ್ಲ. ನೀರಿನ ಬಣ್ಣ ಸರಿಯಿರಲಿಲ್ಲ ಅಂದ, ಅಷ್ಟೆ.
ಅವನನ್ನು ಕಂಡು ಆರು ದೋಣಿ ಬೆನ್ನು ಹತ್ತಿದವು.
ಪುರಸು ಹರಿಕಂತ್ರ ಒಬ್ಬ ಅಲ್ಲೇ ನಿಂತ,
ಮೂರನೆಯ ದಿನ ಅಂಚು ಮುಳುಗುವಷ್ಟು ಬಂಗುಡೆ ತಂದ.
ಗಾಳಿ ಬರಲೇ ಇಲ್ಲ.
ಅಂದಿನಿಂದ ಧಕ್ಕೆಯಲ್ಲಿ ಇವನಿಗೆ
ಯೂ-ಟರ್ನ್ ತಾಂಡೇಲ ಅಂತ ಹೆಸರು.
ಐಸು ಹೊರುವ ಹುಡುಗರೂ ಕರೆಯುತ್ತಾರೆ.

ಬಂದರು ಕಚೇರಿಯ ಹವಾಮಾನದ ಫಲಕ ಬರೆಯುವವಳು ನಾನು.
ಅಂದು ಸೀಮೆಸುಣ್ಣದಲ್ಲಿ ಬರೆದದ್ದು: ಸಮುದ್ರ ಶಾಂತ.
ಗಾಳಿ ಬಂದಿದ್ದರೆ ತಪ್ಪು ನನ್ನದಾಗುತ್ತಿತ್ತು.
ಬರಲಿಲ್ಲವಾಗಿ ಅವನದಾಯಿತು.
ಇದನ್ನು ಅವನಿಗೆ ಇನ್ನೂ ಹೇಳಿಲ್ಲ,
ಆಡುವುದು ಬಿಟ್ಟು ಬೇರೆ ಮಾತು ನಮ್ಮಲ್ಲಿ ಕಡಿಮೆ.

ಇವತ್ತು ಅವನ ಭರ್ಚಿಯವರಿಗೆ ಹತ್ತು ಬಿತ್ತು.
ಬೆನ್ನು ತಿರುಗಿಸಿ ಇಟ್ಟ ಒಬ್ಬೊಬ್ಬರನ್ನೇ,
ಮಲಗಿದ ಮಗುವನ್ನು ಮಗ್ಗುಲಿಗೆ ಹೊರಳಿಸಿದ ಹಾಗೆ.
ಹಲಗೆಯ ಅಂಚಿಗೆ ಇನ್ನು ಒಂದೂವರೆ ಇಂಚು.
ದಾಟಿದವರು ಡಬ್ಬಿಗೆ, ಮತ್ತೆ ಬರುವಂತಿಲ್ಲ.
ಆದರೆ ಸರದಿಯ ಮೊದಲಿಗೆ
ಒಮ್ಮೆ ಕೂಗಿ ನಿಲ್ಲಿಸಿ ನೋಡಬಹುದು:
ಓಡಿದ್ದನ್ನು ಯಾರೂ ಬರೆದಿಡುವುದಿಲ್ಲ,
ತಿರುಗಿ ನಿಂತರೆ ಅದೇ ಏಳು, ಅದೇ ಭರ್ಚಿ.
ಇಡೀ ಪುಸ್ತಕದಲ್ಲಿ ನನಗೆ ಇಷ್ಟವಾದ ನಿಯಮ ಇದೊಂದೇ.

ಮುಷ್ಟಿಗೆ ಊದಿ ಎಸೆದ.
ಒಂದು ದಾಳ ಮೂರಕ್ಕೆ ನಿಂತಿತು.
ಇನ್ನೊಂದು ನದಿ ದಾಟಿ, ಗುಡ್ಡ ಬಳಸಿ
ಕೆಳಗೆ ಬಲೆಯ ರಾಶಿಯೊಳಗೆ ಹೋಯಿತು.
'ಕೆಳಗೆ ಬಿದ್ದದ್ದು ಲೆಕ್ಕಕ್ಕಿಲ್ಲ ಮಾರಾಯ, ಮತ್ತೆ ಎಸೆ.'
'ತಡಿ,' ಅಂದ, 'ಏನು ಬಿತ್ತು ನೋಡುವಾ.'

ಮೊಬೈಲಿನ ಬೆಳಕು ಹಿಡಿದು ಕುಕ್ಕರುಗಾಲಲ್ಲಿ
ಬಲೆಯ ಕಣ್ಣು ಕಣ್ಣು ಸರಿಸಿ ಹುಡುಕುತ್ತಿದ್ದಾನೆ.
ಹಲಗೆಯ ಮೇಲೆ ಹನ್ನೊಂದು ಮಂದಿ
ತೆರೆದ ಬಾಗಿಲಿನತ್ತ ಮುಖ ಮಾಡಿ ಕಾದಿದ್ದಾರೆ.
ಆಚೆ ಯಾವುದೋ ದೋಣಿ ಇಂಜಿನ್ ಚಾಲೂ ಮಾಡಿತು.