ರಸಮಟ್ಟ

ಡಾರ್ವಿನ್ನಿನಿಂದ ಒಂದೂವರೆ ಗಂಟೆಯ ದಾರಿ.
ನಲವತ್ತೊಂದು ವರ್ಷ ನಾವು ಹೋಗಿರಲಿಲ್ಲ.
ಹಿತ್ತಲ ಗಿಡ ಮದ್ದಲ್ಲ,
ಹಿತ್ತಲ ಕಾಡೂ ಅಷ್ಟೆ.

ಜರ್ಮನಿಯ ಹುಡುಗರಿಬ್ಬರು ಊರಿಗೆ ಮರಳುವ ಮುನ್ನ
ಬಂದ ಬೆಲೆಗೆ ಮಾರಿಹೋದ ವ್ಯಾನು:
ಸೂರ್ಯಕಾಂತಿಯ ಪರದೆ,
ಹಾಸಿಗೆಯಡಿ ಯಾರದೋ ಒಂಟಿ ಚಪ್ಪಲಿ,
ಮೂರನೇ ಗೇರಿನಲ್ಲಿ ಸಣ್ಣ ಕೆಮ್ಮು.
ಅರವತ್ತು ದಾಟಿಸಿದರೆ
ಡ್ರಾಯರಿನ ಚಮಚಗಳೆಲ್ಲ ಜಗಳಕ್ಕಿಳಿಯುತ್ತವೆ.
ಹಾಗಾಗಿ ಐವತ್ತು.
ಹಿಂದೆ ಬಂದವರೆಲ್ಲ ಮುಂದೆ ಹೋದರು,
ಕೈಬೀಸಿ ಕೆಲವರು, ಹಾರನ್ ಒತ್ತಿ ಕೆಲವರು.
ಹೋಗಲಿ ಬಿಡು, ಅಂದೆ.
ಸಕೆಲಾರಿಸ್ ಏನೂ ಅನ್ನಲಿಲ್ಲ.
ಸೀಟಿನಡಿ ಅವನ ರಸಮಟ್ಟ ಇತ್ತು.

ಟೈಲ್ಸ್ ಹಾಸಿದವನು.
ನಮ್ಮೂರಿನ ಅರ್ಧ ಬಚ್ಚಲುಗಳಲ್ಲಿ
ನೀರು ಸರಿಯಾದ ಮೂಲೆಗೆ ಹರಿಯುವುದು ಅವನ ದೆಸೆಯಿಂದ.
ಕೆಲಸ ಬಿಟ್ಟು ವರ್ಷವಾಗಿತ್ತು,
ಎರಡು ಗೆರೆಗಳ ನಡುವಿನ ಆ ಹಸಿರು ಗುಳ್ಳೆ
ಅವನನ್ನು ಬಿಟ್ಟಿರಲಿಲ್ಲ.
ಮೊದಲ ರಾತ್ರಿ ವ್ಯಾನಿನ ನೆಲಕ್ಕದನ್ನಿಟ್ಟು
ಮುಂದಿನ ಚಕ್ರಕ್ಕೊಂದು ಹಲಗೆ, ಹಿಂದಿನದಕ್ಕೆರಡು,
ಇಳಿದು ಹತ್ತಿ, ಹತ್ತಿ ಇಳಿದು,
ಪಕ್ಕದ ಡೇರೆಯವರು ಊಟ ಮುಗಿಸಿ ತಟ್ಟೆ ತೊಳೆದು
ದೀಪ ಆರಿಸಿದರು.
ಗುಳ್ಳೆ ನಡುವಿಗೆ ಬಂದಾಗ
ನಮ್ಮ ಮೀನು ತಣ್ಣಗಾಗಿತ್ತು.

ಮರುದಿನ ಗೆದ್ದಲುಗಳ ಬಯಲು.
ಹುತ್ತ ಅನ್ನಲು ಬಾಯಿ ಬರದು ಅವನ್ನು:
ಚಪ್ಪಟೆ, ಬೂದುಬಣ್ಣ, ಆಳಿಗಿಂತ ಎತ್ತರ,
ನೂರಾರು ಗೋರಿಕಲ್ಲು,
ಎಲ್ಲದರ ಅಂಚೂ ಉತ್ತರ ದಕ್ಷಿಣಕ್ಕೆ.
"ಕಣ್ಣಿಲ್ಲದ ಹುಳ," ಅಂದ. "ದಾರವಿಲ್ಲ, ತೂಗುಗುಂಡಿಲ್ಲ."
ಒಂದು ಕಣ್ಣು ಮುಚ್ಚಿ ನೋಡುತ್ತ ನಿಂತ,
ಇನ್ನೊಬ್ಬ ಮೇಸ್ತ್ರಿಯ ಕೆಲಸ ನೋಡುವ ಹಾಗೆ,
ತಪ್ಪು ಸಿಕ್ಕೀತೆಂದು.
ಸಿಕ್ಕಿತು.
ಎಡಗಡೆಯದೊಂದು ಚೂರೇ ಚೂರು ವಾಲಿತ್ತು.
ಅವನಿಗದೆಷ್ಟು ಖುಷಿಯಾಯಿತೆಂದರೆ
ಮೇಲುಗಡೆ ಯಾರಾದರೂ ನೋಡಿದರೋ ಎಂಬಂತೆ ಸುತ್ತ ನೋಡಿದ.

ಆಮೇಲೆ ದಾರಿ ಸಡಿಲಾಯಿತು.
ಚಹಾಕ್ಕೆಂದು ನಿಂತೆವು. ಚಹಾ ಮುಗಿದಮೇಲೂ ನಿಂತೆವು.
ರಸ್ತೆಯಂಚಿನ ಒಣಹುಲ್ಲಿಗೆ ಬೆಂಕಿ ಹನಿಸುತ್ತಿದ್ದಳು ರೇಂಜರ್ ಲೊರೇನ್,
ದೋಸೆಗೆ ಎಣ್ಣೆ ಬಿಟ್ಟಷ್ಟು ಸಲೀಸಾಗಿ.
ಇದು ಅವಳ ಅಜ್ಜಿಯ ನೆಲ.
"ಈಗ ಚೂರುಚೂರೇ ಸುಡಬೇಕು," ಅಂದಳು,
"ಇಲ್ಲದಿದ್ದರೆ ಆಮೇಲೆ ಅದೇ ತನಗೆ ಬೇಕಾದಷ್ಟು ಸುಟ್ಟುಕೊಳ್ಳುತ್ತೆ."
ಎಷ್ಟು ಹೊತ್ತಾದೀತು?
"ಬೆಂಕಿಯನ್ನೇ ಕೇಳಿ."
ಹೊಗೆಯ ಮೇಲೆ ಹದ್ದುಗಳು, ಓಡಿಬರುವ ಮಿಡತೆಗಳಿಗಾಗಿ.
ನಮ್ಮಜ್ಜಿಯ ದ್ವೀಪದ ಗಟ್ಟಿರೊಟ್ಟಿ, ಟೊಮ್ಯಾಟೊ, ಆಲಿವ್ ಕೊಟ್ಟೆ.
ನೆನೆಸದೆ ಕಚ್ಚಿಬಿಟ್ಟಳು.
"ತೆಮೆಲೀನಾ," ಅಂದಳು, ದವಡೆ ಒತ್ತಿಕೊಂಡು,
"ಇದರಲ್ಲಿ ನಿಮ್ಮವರು ಮನೆ ಕಟ್ಟುತ್ತಾರಾ?"

ವಾಂಗಿಯ ಕೊಳದಲ್ಲಿ
ಮೊಸಳೆ ಇಲ್ಲವೆಂದು ಫಲಕ ಭರವಸೆ ಕೊಟ್ಟಿತ್ತು.
ಸಾಗರದಡಿ ಸ್ಪಂಜು ಕಿತ್ತವರ ಮೊಮ್ಮಗ,
ಮಂಡಿಗೆ ಎರಡು ಸಲ ಆಪರೇಷನ್ ಆದವನು,
ಚಡ್ಡಿ ಎಳೆದುಕೊಳ್ಳುತ್ತ ಇಳಿದ.
ಬಂಡೆಯಿಂದ ಎರಡು ಜಲಪಾತ,
ಎರಡು ಬಿಳಿ ಗೆರೆ.
ನಡುವೆ ಅಂಗಾತ ಅವನು,
ಹೊಟ್ಟೆ ಮೇಲೆ, ಕಿವಿ ನೀರೊಳಗೆ.
ಕೂಗಿದರೆ ಕೇಳುವಂತಿಲ್ಲ.
ನಾನು ಕೂಗಲಿಲ್ಲ.
ಎಡಕ್ಕೆ ತೇಲಿದ, ತಿರುಗಿದ, ಮತ್ತೆ ಎಡಕ್ಕೆ.
ನಡುವಿಗೆ ಬರುವ ಆಸೆಯೇ ಇದ್ದಂತಿರಲಿಲ್ಲ.

ಆ ರಾತ್ರಿ ಇಳಿಜಾರಿನಲ್ಲೇ ವ್ಯಾನು ನಿಲ್ಲಿಸಿದ.
ತಲೆಯ ಮೇಲೆ ಸಾವಿರ ಬಾವಲಿಗಳ ಪಾಲುಪಟ್ಟಿ ಜಗಳ.
ಹಾಸಿಗೆಯಲ್ಲಿ ಇಬ್ಬರೂ ಒಂದೇ ಬದಿಗೆ ಜಾರಿ,
ಅವನ ಮೊಣಕೈ ನನ್ನ ಪಕ್ಕೆಗೆ,
ನನ್ನ ತಣ್ಣನೆ ಪಾದ ಅವನ ಮೀನಖಂಡಕ್ಕೆ.
ಹಲಗೆಗಳು ಕಾಲಬಳಿಯೇ ಇದ್ದವು.
ಮೇಜಿನಿಂದ ಕಿತ್ತಳೆಯೊಂದು ಬಿದ್ದು
ನೆಲದುದ್ದ ಉರುಳುತ್ತ ಹೋಗಿ
ಬಾಗಿಲಿಗೆ ಬಡಿಯಿತು.
ಎತ್ತಿಡಲಾ, ಅಂದೆ.

"ಬೆಳಿಗ್ಗೆ ನೋಡೋಣ."